ಮುತ್ತಮ್ಮನವರು ಕಡ್ಡಾಯವಾಗಿ ಕಮಿಷನ್ ಪಡೆಯುವ ಕುರಿತು

ಸಂಖ್ಯೆ: ಆಮಾವೇ/ತೆರಿಗೆ/ಹುದಿಕೇರಿ/ಕಾಚಂಪುಳಿ-೪

ವಿಷಯ: ಆನ್‌ಲೈನ್ ಮಾರಾಟ ವೇದಿಕೆಗಳ ಕಮಿಷನ್ ಮೇಲೆ ತೆರಿಗೆ ವಿಧಿಸುವ ಬಗ್ಗೆ.

ಉಲ್ಲೇಖ: ೧) ತಪಾಸಣಾಧಿಕಾರಿ ಪುಟ್ಟರಾಜು ಅವರ ವರದಿ. ೨) ಅದೇ ವರದಿ, ಸಾರು ಚೆಲ್ಲದ ಪ್ರತಿ.

ಹುದಿಕೇರಿಯ ನಿವೃತ್ತ ಅಂಗನವಾಡಿ ಶಿಕ್ಷಕಿ ಮುತ್ತಮ್ಮನವರ ವಾಟ್ಸಾಪ್ ಗ್ರೂಪಿನಲ್ಲಿ ಹನ್ನೊಂದು ಮಂದಿ ಹೆಂಗಸರು ಕಾಚಂಪುಳಿ, ಜೇನು, ಕಳಲೆ ಉಪ್ಪಿನಕಾಯಿ ಮಾರುತ್ತಿರುವುದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಹುಳಿಗೆ ಕಾಚಂಪುಳಿಯನ್ನೇ ಹಾಕಿ ಹಂದಿಮಾಂಸದ ಪಂದಿ ಕರಿ ಮಾಡುವ ಮನೆಗಳೆಲ್ಲ ಇದರ ಗಿರಾಕಿಗಳಾದ್ದರಿಂದ, ಇದನ್ನು ಬೃಹತ್ ವೇದಿಕೆಯೆಂದು ತೀರ್ಮಾನಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ತೆರಿಗೆಯು ವೇದಿಕೆ ಪಡೆಯುವ ಕಮಿಷನ್ನಿನ ಮೇಲಿರುತ್ತದೆ. ಮುತ್ತಮ್ಮನವರು ಬಿಡಿಗಾಸೂ ಕಮಿಷನ್ ಪಡೆಯದ ಕಾರಣ ತೆರಿಗೆ ಸೊನ್ನೆಯಾಗಿ, ಕಚೇರಿಗೆ ಮುಜುಗರವಾಗಿದೆ. ಅವರು ಕೂಡಲೇ ಕಮಿಷನ್ ಪಡೆಯತಕ್ಕದ್ದು.

೨. ಈ ಬಗ್ಗೆ ಅವರು ನೀಡಿದ ಹೇಳಿಕೆ: “ನಮ್ಮೋರ ಹತ್ರ ಕಮಿಷನ್ ಕೇಳಿದ್ರೆ ನಾಳೆ ಮದುವೆ ಮನೇಲಿ ನನ್ನ ಪಕ್ಕ ಯಾರು ಕೂರ್ತಾರೆ ಸಾರ್?” ಇಂತಹ ನಷ್ಟಕ್ಕೆ ನಮೂನೆಯಲ್ಲಿ ಕಲಂ ಇಲ್ಲದ್ದರಿಂದ ಹೇಳಿಕೆಯನ್ನು ತಿರಸ್ಕರಿಸಲಾಗಿದೆ.

೩. ತೆರಿಗೆಯ ಹೊರೆಯನ್ನು ವೇದಿಕೆಯೇ ಹೊರತಕ್ಕದ್ದು. ವೇದಿಕೆ ಅದನ್ನು ಮಾರುವವರ ತಲೆಗೂ, ಮಾರುವವರು ಕೊಳ್ಳುವವರ ತಲೆಗೂ ಕಟ್ಟುವುದು ಲೋಕಾರೂಢಿಯಾದ್ದರಿಂದ, ಕಟ್ಟುವಾಗ ಕಚೇರಿಯತ್ತ ನೋಡಬಾರದು.

೪. ಸರಕು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸದೆ ನಿಂಬೆಹಣ್ಣೋ ಸೌತೆಕಾಯೋ ಹಾಕಿ ಕಳಿಸುವ ಪದ್ಧತಿಯೊಂದು ಪತ್ತೆಯಾಗಿದೆ. ಇದನ್ನು ‘ಸರಕು ವಾಪಸಾತಿ’ ಎಂದು ಬರೆದುಕೊಂಡ ಪುಟ್ಟರಾಜು ಅವರು, ಹೋದದ್ದು ಜೇನು, ಬಂದದ್ದು ಸೌತೆಕಾಯಿ ಹೇಗೆಂದು ಮೂರು ದಿನ ತಲೆ ಕೆಡಿಸಿಕೊಂಡಿರುತ್ತಾರೆ. ಇನ್ನು ಮುಂದೆ ಇದನ್ನು ಪ್ರತ್ಯೇಕ ಮಾರಾಟವೆಂದು ಪರಿಗಣಿಸಲಾಗುವುದು. ತೆರಿಗೆ ಬೇಡವೆನ್ನುವವರು ಪಾತ್ರೆಯನ್ನೇ ಹಿಂದಿರುಗಿಸದಿರಬಹುದು.

೫. ಊಟದ ಹೊತ್ತಿಗೆ ಸರಿಯಾಗಿ ತಪಾಸಣೆಗೆ ಹೋದ ಪುಟ್ಟರಾಜು ಅವರು ತಿಂದ ಏಳು ಕಡಂಬುಟ್ಟುಗಳನ್ನು (ಅಕ್ಕಿತರಿಯ ಉಂಡೆ ಕಡುಬು) ‘ವಶಪಡಿಸಿಕೊಂಡ ಸಾಕ್ಷ್ಯ’ ಎಂದು ದಾಖಲಿಸಲಾಗಿದೆ.

೬. ಮುತ್ತಮ್ಮನವರು ತಿಂಗಳ ಕೊನೆಗೆ ಗ್ರೂಪ್ ಮುಚ್ಚುವುದಾಗಿ ತಿಳಿಸಿರುತ್ತಾರೆ. ಮುಚ್ಚಿದಲ್ಲಿ ಆ ಹನ್ನೊಂದು ಮಂದಿ, ನೂರಕ್ಕೆ ಮೂವತ್ತು ಕಮಿಷನ್ ಹಿಡಿಯುವ ಪರದೇಶದ ಆ್ಯಪೊಂದರಲ್ಲೇ ಮಾರಬೇಕಾಗುತ್ತದೆ. ಕಚೇರಿ ಇದಕ್ಕೆ ವಿಷಾದಿಸುತ್ತದೆ.

೭. ಹಾಗಾದರೆ ಆ ಆ್ಯಪಿಗೆ ತೆರಿಗೆ ಯಾಕಿಲ್ಲವೆಂದು ಮುತ್ತಮ್ಮನವರು ಕೇಳಿರುತ್ತಾರೆ. ಸದರಿ ಕಂಪನಿಯ ಕಚೇರಿ ಯಾವ ದೇಶದಲ್ಲಿದೆಯೆಂದು ಇದುವರೆಗೆ ತಿಳಿದುಬಂದಿಲ್ಲ. ಮುತ್ತಮ್ಮನವರ ಮನೆ ಬಸ್ ನಿಲ್ದಾಣದಿಂದ ಎರಡನೆಯದು.

ಸಹಿ/-
ಪ್ರಭಾರ ಅಧಿಕಾರಿ
(ಹುದ್ದೆ ಖಾಲಿ ಇದೆ)

ಪ್ರತಿಗಳು:
೧. ಮುತ್ತಮ್ಮನವರಿಗೆ, ಅವರದೇ ಗ್ರೂಪಿನಲ್ಲಿ.
೨. ಪುಟ್ಟರಾಜು ಅವರಿಗೆ, ಊಟದ ನಂತರ.
೩. ಪರದೇಶದ ಕಂಪನಿಗೆ, ವಿಳಾಸ ಸಿಕ್ಕಲ್ಲಿ.