ಕೊಂಬಿಲ್ಲದ ಕಾಲು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಧೂಳು ಒರೆಸುವ ಬಟ್ಟೆ.

ವಸ್ತುಸಂಗ್ರಹಾಲಯದಲ್ಲಿ ಕೊಡುವ ಬಟ್ಟೆ ಒರಟು, ಹಳೆಯ ಮಡಕೆಗಳ ಮೈ ಗೀರೀತು ಎಂದು ಅವನು ದಿನವೂ ಮನೆಯಿಂದಲೇ ಮೆತ್ತನೆಯ ಬಟ್ಟೆ ಒಯ್ಯುತ್ತಿದ್ದ. ಅಂದು ಹೆಂಡತಿ ಕೈಗಿತ್ತದ್ದು ಮಗಳ ಹಳದಿ ಫ್ರಾಕಿನ ಮುಂಭಾಗ. ಆರು ವರ್ಷದ ಮಗಳಿಗೆ ಅದು ಗಿಡ್ಡವಾಗಿ ತಿಂಗಳುಗಳೇ ಆಗಿದ್ದವು. ಆದರೂ ಅವಳು "ಅದು ನಂದು, ಕೊಡೂ" ಎಂದು ಅಳುತ್ತ ಬಾಗಿಲವರೆಗೆ ಬಂದಳು.

"ಜೇಬು ಬಿಚ್ಚೋಕೆ ಪುರುಸೊತ್ತಾಗ್ಲಿಲ್ಲ ರೀ. ಹಾಗೇ ತಗೊಂಡು ಹೋಗಿ, ಬ್ರಷ್ ಸಿಕ್ಕಿಸಿಕೊಳ್ಳೋಕೆ ಆಗುತ್ತೆ" ಎಂದಳು ಹೆಂಡತಿ, ಒಂದು ಕೈಯಲ್ಲಿ ಮಗಳ ಕಣ್ಣೊರೆಸುತ್ತ.

ಅವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಜೋಪಾನಪ್ಪ ಎನ್ನುತ್ತಿದ್ದರು. ಯಾರು ಏನನ್ನು ಮುಟ್ಟಿದರೂ "ಜೋಪಾನ, ಜೋಪಾನ" ಎನ್ನುವುದು ಅವನ ಬಾಯಿಪಾಠ. ಅದಕ್ಕೆ ಕಾರಣವಿತ್ತು. ಅವನಿಗಿಂತ ಮುಂಚೆ ಅದೇ ಕೆಲಸದಲ್ಲಿದ್ದವನು ಒಂದು ಮಡಕೆಯ ಅಂಚು ಮುರಿದು, ಅದೇ ಸಂಜೆ ಬೀಗದಕೈ ಒಪ್ಪಿಸಿ ಮನೆಗೆ ಹೋಗಿದ್ದ. ಆ ಬೀಗದಕೈ ಈಗ ಜೋಪಾನಪ್ಪನ ಸೊಂಟದಲ್ಲಿ ನೇತಾಡುತ್ತಿತ್ತು. ನಡೆದಾಗಲೆಲ್ಲ ಅದು 'ನೀನೂ, ನೀನೂ' ಎಂದಂತೆ ಅವನಿಗೆ ಕೇಳುತ್ತಿತ್ತು.

ಅಂದು ಮಧ್ಯಾಹ್ನ ಮೂರಕ್ಕೆ ಹಿರಿಯ ಪಂಡಿತೆಯೊಬ್ಬರು ಬರುವವರಿದ್ದರು. ನೆಲ ಅಗೆದು ಹಳೆಯ ಊರುಗಳನ್ನು ಹೊರತೆಗೆದು ಹೆಸರಾದವರು. ಅವರಿಗಾಗಿ ಉಗ್ರಾಣದಿಂದ ಒಂದು ಪೆಟ್ಟಿಗೆ ತೆರೆಯಬೇಕು ಎಂದು ಅಧಿಕಾರಿಗಳು ಹೇಳಿದ್ದರು. ಮೂವತ್ತು ವರ್ಷ ಮುಚ್ಚೇ ಇದ್ದ ಪೆಟ್ಟಿಗೆ. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಐದು ಸಾವಿರ ವರ್ಷ ಹಳೆಯ, ಅಂಗೈಯಗಲದ ಮಣ್ಣಿನ ಗೂಳಿ ಮಲಗಿತ್ತು.

ಜೋಪಾನಪ್ಪ ಉಸಿರು ಬಿಗಿಹಿಡಿದು ಅದನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದ. ಫ್ರಾಕಿನ ತುಂಡಿನಿಂದ ಕೊಂಬು ಒರೆಸಿದ, ಡುಬ್ಬ ಒರೆಸಿದ, ಹೊಟ್ಟೆ ಒರೆಸಿದ. ಬಟ್ಟೆ ಕೊಡವಿದ.

ಟಣ್ ಎಂದಿತು.

ಮೇಜಿನ ಮೇಲೆ ಕಿರುಬೆರಳಿನಷ್ಟು ಉದ್ದದ ಒಂದು ಕಾಲು ಬಿದ್ದಿತ್ತು. ಜೋಪಾನಪ್ಪ ಗೂಳಿಯ ಕಾಲು ಎಣಿಸಿದ. ಮೂರು. ಕಣ್ಣುಜ್ಜಿಕೊಂಡು ಹಿಂದಿನಿಂದ ಮುಂದಕ್ಕೆ ಎಣಿಸಿದ. ಆಗಲೂ ಮೂರು. ತನ್ನ ಕಾಲನ್ನೂ ಒಮ್ಮೆ ನೋಡಿಕೊಂಡ. ಅವು ಎರಡೂ ಇದ್ದವು, ಆದರೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಬೀಗದಕೈ ಒಪ್ಪಿಸುವುದು, ಖಾಲಿ ಕೈಯಲ್ಲಿ ಮನೆಗೆ ಹೋಗುವುದು, ಹೆಂಡತಿ ಏನೂ ಕೇಳದೆ ತಟ್ಟೆಗೆ ಬಡಿಸುವುದು, ಎಲ್ಲ ಕಣ್ಣಮುಂದೆ ಸಾಲಾಗಿ ಬಂದವು.

"ಏನೋ ಜೋಪಾನಪ್ಪಾ, ದೆವ್ವ ಕಂಡವನ ಹಾಗೆ ನಿಂತಿದ್ದೀಯ?" ಬಾಗಿಲಲ್ಲಿ ಕಾವಲುಗಾರ.

"ಏನಿಲ್ಲ, ಏನಿಲ್ಲ" ಎಂದು ಅವನು ಬಟ್ಟೆ ಮುಚ್ಚಿದ.

ಕಾವಲುಗಾರನಿಗೆ 'ಏನಿಲ್ಲ' ಎಂದರೆ ಏನೋ ಇದೆ ಎಂದೇ ಅರ್ಥ. ಬಟ್ಟೆ ಎತ್ತಿ ನೋಡಿದ. "ಅಯ್ಯೋ! ಮುರಿದೇಬಿಟ್ಯಾ? ಇರು, ಯಾರಿಗೂ ಹೇಳಲ್ಲ" ಎಂದು ಓಡಿದ. ಐದು ನಿಮಿಷದಲ್ಲಿ ಟೈಪಿಸ್ಟ್ ಅಕ್ಕನೂ ಬಡಗಿ ಮಾವನೂ ಅವನ ಹಿಂದೆಯೇ ಬಂದರು.

"ಇವರಿಬ್ಬರಿಗೆ ಮಾತ್ರ ಹೇಳಿದೆ" ಎಂದ ಕಾವಲುಗಾರ.

"ಹೆದರಬೇಡ್ವೋ ತಮ್ಮಾ" ಎಂದಳು ಟೈಪಿಸ್ಟ್ ಅಕ್ಕ. "ಮೊದಲೇ ಮುರಿದಿತ್ತೇನೋ, ಪಟ್ಟಿ ನೋಡೋಣ. ಆಗ ನಾನೇ ಟೈಪ್ ಮಾಡಿದ್ದು." ಹಳದಿಗಟ್ಟಿದ ಹಾಳೆ ತಂದು ಕನ್ನಡಕ ಏರಿಸಿ ಓದಿದಳು. "ಗೂಳಿ. ಹಸಿ ಮಣ್ಣ. ಕಾಲ ಸಿಕ್ಕಿಲ್ಲ."

"ಕಾಲ ಸಿಕ್ಕಿಲ್ಲ ಅಂದ್ರೆ?"

"ಯಾವ ಕಾಲದ್ದು ಅಂತ ಆಗ ಗೊತ್ತಾಗಿರಲಿಲ್ಲ ಅಂತ. ಮುರಿದಿದೆ ಅಂತ ಎಲ್ಲೂ ಇಲ್ವಲ್ಲೋ."

ಜೋಪಾನಪ್ಪನ ಕೊನೆಯ ಆಸೆಯೂ ಅಲ್ಲಿಗೆ ಮುಗಿಯಿತು. "ಹೋಗಿ ಅಧಿಕಾರಿಗಳಿಗೆ ಹೇಳಿಬಿಡ್ತೀನಿ" ಎಂದು ಎದ್ದ.

"ಹುಚ್ಚಪ್ಪ!" ಬಡಗಿ ಮಾವ ಭುಜ ಅದುಮಿ ಕೂರಿಸಿದ. "ಎಷ್ಟು ಕುರ್ಚಿಗೆ ಕಾಲು ಹಚ್ಚಿಲ್ಲ ನಾನು? ಗೂಳಿ ಏನು ಮಹಾ? ಕುರ್ಚಿ ಮೇಲಾದ್ರೆ ಜನ ಕೂರ್ತಾರೆ, ಇದರ ಮೇಲೆ ಯಾರೂ ಕೂರಲ್ಲ."

ಕಾಲು ಹಚ್ಚುವ ಕೆಲಸ ಹನ್ನೊಂದಕ್ಕೆ ಶುರುವಾಯಿತು. ಕಾಲು ಸರಿಯಾಗಿ ಕೂರಲಿಲ್ಲ.

"ಇದೇನು, ಒಂಚೂರು ದಪ್ಪ ಇದೆ?"

"ಐದು ಸಾವಿರ ವರ್ಷದಲ್ಲಿ ಊದಿಕೊಂಡಿರುತ್ತೆ. ನನ್ನ ಕಾಲು ಐವತ್ತಕ್ಕೇ ಊದಿದೆ" ಎಂದಳು ಟೈಪಿಸ್ಟ್ ಅಕ್ಕ.

ಬಡಗಿ ಮಾವ ಉಪ್ಪುಕಾಗದದಿಂದ ಕಾಲಿನ ತುದಿ ಉಜ್ಜಿದ. ಒಂದೊಂದು ಸಲ ಉಜ್ಜಿದಾಗಲೂ ಜೋಪಾನಪ್ಪನ ಹಲ್ಲು ಜುಮ್ಮೆಂದವು. ಅಂಟು ಸವರಿ ಒತ್ತಿದರು. ಕಾಲು ಕೂಡಿತು, ಆದರೆ ಬಣ್ಣ ಕೂಡಲಿಲ್ಲ. ಗೂಳಿ ಕಂದು, ಕಾಲು ಬಿಳಿಚು. ಕಾವಲುಗಾರ ತನ್ನ ಲೋಟದ ಚಹಾದಲ್ಲಿ ಬೆರಳದ್ದಿ ಸವರಿದ. ಒಂದು ಕೈ, ಎರಡು ಕೈ, ಮೂರನೆಯ ಕೈಗೆ ಬಣ್ಣ ಹೊಂದಿತು. ನಿಲ್ಲಿಸಿ ನೋಡಿದರೆ ಹೊಸ ಕಾಲು ಉಳಿದವಕ್ಕಿಂತ ಕೂದಲೆಳೆಯಷ್ಟು ಉದ್ದ. ಗೂಳಿ ಹಿಂಭಾಗವನ್ನು ತುಸು ಎತ್ತಿ, ಯಾರ ಮೇಲೋ ಎಗರಲು ಸಿದ್ಧವಾದಂತೆ ನಿಂತಿತ್ತು. ಜೋಪಾನಪ್ಪನಿಗೆ ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು.

ಮೂರು ಗಂಟೆ ಹೊಡೆಯಿತು.

ಪಂಡಿತೆ ಬಂದರು. ಎಪ್ಪತ್ತು ದಾಟಿದ, ಹಕ್ಕಿಯಂತೆ ಹಗುರವಾದ ಹೆಂಗಸು. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಕಲ್ಲಿನ ಕೊಡಲಿಗಳ ಮುಂದೆ ನಿಲ್ಲಲಿಲ್ಲ, ಗುಹೆಯ ಜಿಂಕೆಗಳ ಚಿತ್ರವನ್ನು ನೋಡಲಿಲ್ಲ, ಇಟ್ಟಿಗೆ ಊರಿನ ಮಾದರಿಯನ್ನು ದಾಟಿ ನೇರ ಗೂಳಿಯ ಬಳಿಗೇ ಬಂದರು. ಬಂದವರು ಗಕ್ಕನೆ ನಿಂತರು.

"ನಾಲ್ಕು ಕಾಲು!"

ಅಧಿಕಾರಿಗಳು ನಕ್ಕರು. "ಗೂಳಿಗೆ ನಾಲ್ಕೇ ಅಲ್ವೇ ಅಮ್ಮಾ?"

"ಇದಕ್ಕೆ ಮೂರೇ ಇದ್ದದ್ದು! ಮಣ್ಣಿನಿಂದ ಎತ್ತಿದವಳು ನಾನೇ ಕಣ್ರೀ. ನಾಲ್ಕನೇದಕ್ಕೆ ಮೂರು ತಿಂಗಳು ಮಣ್ಣು ಜರಡಿ ಹಿಡಿದಿದ್ದೀನಿ. ಸಿಕ್ಕಿಲ್ಲ ಅಂತ ನಿಮ್ಮ ಪಟ್ಟಿಯಲ್ಲೇ ಬರೆಸಿದ್ದೆ."

ಟೈಪಿಸ್ಟ್ ಅಕ್ಕ ಹಾಳೆ ಮುಂದೆ ಹಿಡಿದಳು. "ಕಾಲ ಸಿಕ್ಕಿಲ್ಲ ಅಂತ ಇದೆ ಅಮ್ಮಾ..."

"ಕಾಲ ಅಲ್ಲಮ್ಮಾ, ಕಾಲು! ಕೊಂಬೆಲ್ಲಿ ಹೋಯ್ತು?"

"ಆಗ ಮಿಷನ್ನಿನಲ್ಲಿ ಕೊಂಬಿನ ಕೀಲಿ ಮುರಿದಿತ್ತು" ಎಂದಳು ಅಕ್ಕ, ಮೂವತ್ತು ವರ್ಷ ಕಳೆದ ಮೇಲೆ ನೆನಪಿಸಿಕೊಂಡು. ಗೂಳಿಗೆ ಎರಡು ಕೊಂಬಿದ್ದವು. ಹಾಳೆಯ ಮಣ್ಣಿಗೂ ಕಾಲಿಗೂ ಒಂದೂ ಇರಲಿಲ್ಲ.

ಪಂಡಿತೆ ಭೂತಗನ್ನಡಿ ಹಿಡಿದು ನಾಲ್ಕನೆಯ ಕಾಲಿನ ಮೇಲೆ ಬಾಗಿದರು. ಜೋಪಾನಪ್ಪ ಗೋಡೆಗೆ ಒರಗಿದ. ಅಂಟು ಕಂಡೀತು. ಚಹಾ ವಾಸನೆ ಬಂದೀತು. ಉಪ್ಪುಕಾಗದದ ಗೀರು ಕಂಡೀತು.

"ಬೆರಳಚ್ಚು!" ಎಂದು ಅವರು ಕೂಗಿದರು. "ನೋಡಿ, ಎಷ್ಟು ಪುಟ್ಟ ಹೆಬ್ಬೆರಳು! ಐದು ಸಾವಿರ ವರ್ಷದ ಹಿಂದೆ ಯಾವುದೋ ಮಗು ಅಮ್ಮನ ಪಕ್ಕ ಕೂತು ಒತ್ತಿದೆ." ಅವರ ಕಣ್ಣು ತುಂಬಿ ಬಂತು. "ಯಾರಪ್ಪಾ ಹುಡುಕಿದ್ದು ಇದನ್ನ?"

"ನಮ್ಮ ಜೋಪಾನಪ್ಪನೇ ಅಮ್ಮಾ! ಪೆಟ್ಟಿಗೆಯಲ್ಲಿ ಹತ್ತಿ ಕೆಳಗಿತ್ತಂತೆ" ಎಂದು ಕಾವಲುಗಾರ ಅವನನ್ನು ಮುಂದಕ್ಕೆ ತಳ್ಳಿದ.

ಜೋಪಾನಪ್ಪನ ತಲೆಯಲ್ಲಿ ನಿಧಾನವಾಗಿ ಬೆಳಕು ಹರಿಯಿತು. ಹಾಗಾದರೆ ತಾನು ಮುರಿದಿಲ್ಲ! ಮೊದಲೇ ಮುರಿದದ್ದು. ಕಾಲು ಹತ್ತಿಯಲ್ಲಿ ಅಡಗಿತ್ತು, ಬಟ್ಟೆಗೆ ಸಿಕ್ಕಿ ಬಂತು, ಅಷ್ಟೇ. "ಹೌದಮ್ಮಾ, ಹತ್ತಿ ಕೆಳಗೇ" ಎಂದ. ಹೆಮ್ಮೆಯಿಂದ ಒಂದೆರಡು ಮಾತು ಹೆಚ್ಚೇ ಹೇಳಿದ. 'ಈ ಕಾಲು ಪೆಟ್ಟಿಗೆಯೊಳಗೆ ನನ್ನ ಕಣ್ಣೆದುರೇ ಸಿಕ್ಕಿತು' ಎಂದು ಅಧಿಕಾರಿಗಳು ಬರೆಸಿದ ಹೇಳಿಕೆಗೆ ದುಂಡಗೆ ಸಹಿಯನ್ನೂ ಹಾಕಿದ.

"ಕಾಲು ಸಿಕ್ತು, ಇನ್ನು ಕಾಲ ಸಿಗಬೇಕು" ಎಂದು ಪಂಡಿತೆ ಅವನ ಕೈಹಿಡಿದು ಹೇಳಿದರು. "ನಾಳೆ ಒಂಬತ್ತಕ್ಕೆ ಪ್ರಯೋಗಾಲಯದವರನ್ನ ಕರೀತೀನಿ. ಈ ಕಾಲಿಂದ ಸಾಸಿವೆಯಷ್ಟು ಮಣ್ಣು ತೆಗೆದು ಎಷ್ಟು ಹಳೇದು ಅಂತ ಖಚಿತವಾಗಿ ಹೇಳ್ತಾರೆ. ನೀನೂ ಪಕ್ಕದಲ್ಲೇ ಇರಬೇಕಪ್ಪ."

"ಬೇಕಾದಷ್ಟು ತೆಗೀಲಿ ಅಮ್ಮಾ" ಎಂದ ಜೋಪಾನಪ್ಪ.

ಸಂಜೆ ಅವನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದ. ಸೊಂಟದ ಬೀಗದಕೈ ಈಗ ಗೆಜ್ಜೆಯ ಹಾಗೆ ಕೇಳುತ್ತಿತ್ತು. ಹೆಂಡತಿ ಒಗೆಯಲೆಂದು ಅವನ ಚೀಲದಿಂದ ಬಟ್ಟೆ ತೆಗೆದಳು. ಮಗಳು ಅದನ್ನು ಕಿತ್ತುಕೊಂಡು ಜೇಬಿಗೆ ಕೈಹಾಕಿದಳು, ತಿರುವಿ ನೋಡಿದಳು, ಕೊಡವಿದಳು. ತುಟಿ ನಡುಗಿತು.

"ಅಪ್ಪಾ, ಕಾಲೆಲ್ಲಿ?"

"ಯಾವ ಕಾಲು ಮಗಳೇ?"

"ನನ್ನ ಕುದುರೇದು. ಮುರಿದಿತ್ತು, ಹಚ್ಚೋಣ ಅಂತ ಜೇಬಲ್ಲಿಟ್ಟಿದ್ದೆ. ಬೆಳಿಗ್ಗೆ ಹೇಳಿದ್ರೆ ನೀವ್ಯಾರೂ ಕೇಳ್ಲೇ ಇಲ್ಲ."

ಅವಳು ಕಿಟಕಿಯ ಬಳಿಯಿಂದ ಮಣ್ಣಿನ ಕುದುರೆ ತಂದು ಅವನ ಅಂಗೈ ಮೇಲಿಟ್ಟಳು. ಜೋಪಾನಪ್ಪ ಕಾಲು ಎಣಿಸಿದ. ಮೂರು. ಮೂರು ಕಾಲಿನಲ್ಲೂ ಒಂದೊಂದು ಪುಟ್ಟ ಹೆಬ್ಬೆರಳಿನ ಅಚ್ಚು.

"ಹೀಗೆ ಒತ್ತಿದ್ರೆ ಗಟ್ಟಿಯಾಗುತ್ತಪ್ಪಾ" ಎಂದು ಮಗಳು ಬೆರಳಿಟ್ಟು ತೋರಿಸಿದಳು. ಬೆರಳು ಅಚ್ಚಿನಲ್ಲಿ ಸರಿಯಾಗಿ ಕೂತಿತು.

ಜೋಪಾನಪ್ಪ ಕುದುರೆಯನ್ನು ಮೆಲ್ಲನೆ ಕೆಳಗಿಟ್ಟ. ಏನಾದರೂ ಕೇಳಬೇಕೆಂದು ಕೇಳಿದ. "ಇದನ್ನ... ಯಾವಾಗ ಮಾಡಿದ್ದು ಮಗಳೇ?"

ಮಗಳು ತಲೆ ಓರೆಮಾಡಿ ಯೋಚಿಸಿದಳು. ಯಾವ ಪ್ರಯೋಗಾಲಯವೂ ಹೇಳಲಾರದಷ್ಟು ಕರಾರುವಾಕ್ಕಾಗಿ ಕಾಲ ಹೇಳಿದಳು.

"ಭಾನುವಾರ. ಊಟ ಆದ್ಮೇಲೆ."