ಹಕ್ಕಿ ಕಾದವನ ಕೈ

ನನಗೆ ಕೆಲವರನ್ನು ಕಂಡರೆ ಆಗುವುದಿಲ್ಲ. ಅವರಲ್ಲಿ ಮೊದಲಿನವರು ಹಕ್ಕಿಯ ಎದುರು ಬಾಯಿ ಮುಚ್ಚಿಕೊಂಡಿರಲಾರದವರು. ನಮ್ಮ ಸೀಮೆಯಲ್ಲಿ ಇಂಥವರಿಗೆ ಬರವಿಲ್ಲ. ಕೆರೆಯ ಮೇಲೆ ಅಪರೂಪದ ಬಾತು ಇಳಿದಿದೆ ಎಂದರೆ ಜಮಖಂಡಿಯ ನನ್ನ ನೆರೆಮನೆಯವರು ಕೇಳುವ ಪ್ರಶ್ನೆ ಒಂದೇ: 'ತಿನ್ನಾಕ ಬರ್ತೈತೇನ್ರಿ?' ದುರ್ಬೀನು ಕೊಂಡಾಗಿನಿಂದ, ಹೈಸ್ಕೂಲಿನ ವಿಜ್ಞಾನದ ಮಾಸ್ತರನಾದ ನಾನು ಈ ಜನರ ನಡುವೆ ಹೇಗೋ ದಿನ ದೂಡುತ್ತಿದ್ದೇನೆ.

ಇವರೆಲ್ಲರ ಮುಖಂಡ ನನ್ನ ಹೆಂಡತಿಯ ತಮ್ಮ ಮಲ್ಲಪ್ಪ. ಬೀಳಗಿ ಕಡೆ ಹಿನ್ನೀರಿನ ದಂಡೆಗೆ ಅವನ ಜೋಳದ ಹೊಲ. ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿಗಳು ಉತ್ತರಕ್ಕೆ ಹೊರಡುವ ಮುನ್ನ ಅಲ್ಲಿಯೇ ಹೊಟ್ಟೆ ತುಂಬಿಕೊಳ್ಳುತ್ತವೆ. ಅವುಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡಲು ಧಾರವಾಡದಿಂದ ಹಕ್ಕಿಗಳ ವಲಸೆ ಅಧ್ಯಯನ ಮಾಡುವ ಸುಮಾ ಮೇಡಂ ಬಂದಿದ್ದರು. ಮೂರು ದಿನ ಬಲೆ ಕಟ್ಟಿದರೂ ಒಂದು ಹಕ್ಕಿಯೂ ಬಿದ್ದಿರಲಿಲ್ಲ. ಪರವಾನಗಿ ಇದ್ದದ್ದು ಇನ್ನೊಂದೇ ಬೆಳಗು. ಹೊಲ ತೋರಿಸಿದವನು ನಾನಾದ್ದರಿಂದ, ಮೊದಲ ಉಂಗುರ ನನ್ನ ಕೈಯಿಂದಲೇ ತೊಡಿಸುವುದಾಗಿ ಮೇಡಂ ಮಾತು ಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಂತೂ ನಾನು ಆಗಲೇ ಏಳೆಂಟು ಹಕ್ಕಿಗೆ ತೊಡಿಸಿ ಮುಗಿಸಿದ್ದೆ.

ನನ್ನ ಭಯವೆಲ್ಲ ಮಲ್ಲಪ್ಪನದು. ನಮ್ಮಲ್ಲಿ ನಡೆಯಲು ಕಲಿತ ಮೇಲೆ ಕಲಿಯುವುದು ಹಕ್ಕಿ ಕಾಯುವುದನ್ನು. ತೆನೆ ಕಟ್ಟಿದೊಡನೆ ಹೊಲದ ನಡುವಿನ ಅಟ್ಟ ಹತ್ತಿ, ಹಿಂಡು ಕಂಡಾಗಲೆಲ್ಲ ಅರಚಿ ಕವಣೆ ಬೀಸಬೇಕು. ಜನ್ಮವೆಲ್ಲ ಅದನ್ನೇ ಮಾಡಿದವನು ಸುಮ್ಮನಿರುತ್ತಾನೆಯೇ? ಆ ಕೊನೆಯ ಬೆಳಗು ಅವನ ಕವಣೆ ಕಸಿದು ಕಾರಿನಲ್ಲಿಟ್ಟೆ. ಬದುವಿನ ಜಾಲಿಯ ಕೆಳಗೆ ಕೂರಿಸಿ ಪರಿಸರದ ಮೇಲೆ ಕಾಲುಗಂಟೆ ಪಾಠ ಮಾಡಿದೆ. 'ಬಾಯಿ ಬಿಟ್ಟೀ ಅಂದ್ರ ನೋಡು ಮತ್ತ' ಎಂದೆ. 'ಆತು ಬಿಡ್ರಿ ಮಾವಾರ. ದಿನಾ ಅವು ತಿಂತಾವ, ನಾ ನೋಡ್ತೀನಿ. ಇವತ್ತ ನೀವೂ ನೋಡ್ರಿ' ಎಂದ. ಇಂಥ ತಲೆಗೆ ವಿಜ್ಞಾನ ಎಲ್ಲಿಂದ ಇಳಿಯಬೇಕು.

ಬಿಸಿಲೇರುವ ಹೊತ್ತಿಗೆ ಹಿಂಡು ಬಂತು. ನೂರಾರು ಹಕ್ಕಿಗಳು ಒಂದು ಸುತ್ತು ಹಾಕಿ ನೇರ ಬಲೆಯ ಕಡೆಗೇ ಇಳಿಯತೊಡಗಿದವು. ಅಷ್ಟರಲ್ಲಿ ಯಾರೋ ಹೊಲ ಅದುರುವಂತೆ 'ಹೋಯ್, ಹೋ' ಎಂದು ಅರಚಿದರು. ಮಲ್ಲಪ್ಪನನ್ನು ಗದರಲೆಂದು ತಿರುಗಿದೆ. ಅವನು ಬಾಯಿಗೆ ಟವೆಲ್ಲು ಒತ್ತಿಕೊಂಡು ಕೂತಿದ್ದ. ದುರ್ಬೀನಿನ ಪಟ್ಟಿ ನನ್ನ ಮುಷ್ಟಿಯಲ್ಲಿತ್ತು; ದುರ್ಬೀನು ಕವಣೆಯಂತೆ ನನ್ನ ತಲೆಯ ಮೇಲೆ ಇನ್ನೂ ಗಿರಗಿರ ತಿರುಗುತ್ತಿತ್ತು. ಅಪ್ಪನ ಹೊಲದ ಅಟ್ಟದ ಮೇಲೆ ನಾನೂ ಹತ್ತು ಸುಗ್ಗಿ ಕಳೆದವನೆಂಬುದನ್ನು ಸ್ಟಾಫ್ ರೂಮಿನಲ್ಲಿ ಹೇಳಿರಲಿಲ್ಲ. ಹಿಂಡು ಹಿನ್ನೀರು ದಾಟಿ ಹೊರಟುಹೋಯಿತು.

ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೇಡಂ ಬಲೆ ಬಿಚ್ಚಿದರು. 'ಮಾವಾರ, ಕೈ ಇನ್ನೂ ಛಲೋ ಐತ್ರಿ' ಎಂದ ಮಲ್ಲಪ್ಪ. ಹೊರಡುವಾಗ ಮೇಡಂ ಅವನ ಫೋನ್ ನಂಬರು ಬರೆದುಕೊಂಡು, 'ಮುಂದಿನ ವರ್ಷ ಮೊದಲನೇ ಉಂಗುರ ನೀವ ಹಾಕ್ರಿ ಮಲ್ಲಪ್ಪಾರ' ಎಂದರು. ಅವನು ನನ್ನತ್ತ ಕನಿಕರದಿಂದ ನೋಡಿದ.

'ಮಾವಾರೂ ಬರ್ಲಿ ಬಿಡ್ರಿ ಮೇಡಂ. ಕವಣಿ ಜೋಡಿ ಕಾರಿನ್ಯಾಗ ಕುಂದ್ರಸೂಣು.'