ಬಂದೆ ಬಂದೆ ಎನ್ನುವ ಮಾವ

"ಇನ್ನು ಮೇಲೆ ಈ ಮನೆಯ ಯಾವ ವಸ್ತುವೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಕೂಡದು!"

ಹೀಗೆಂದು ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ನಿಂತು ಘೋಷಿಸಿದವನು ನಾನೇ. ಕೈಯಲ್ಲಿ ಹೊಸ ಸ್ಕ್ರೂಡ್ರೈವರ್ ಸೆಟ್ಟು. ಕನ್ನಡಕದ ಡಬ್ಬಿಯಷ್ಟೇ ಇತ್ತು ನೋಡಿ; ತೆರೆದರೆ ಒಂದು ಹಿಡಿ, ಅದಕ್ಕೆ ಸಿಕ್ಕಿಸುವ ಸೂಜಿಯಂಥ ಮೊನೆಗಳು. ಚಪ್ಪಟೆಯದು, ನಕ್ಷತ್ರದ್ದು, ಮೂರು ಮೂಲೆಯದು, ಯಾತಕ್ಕೆಂದು ಬ್ರಹ್ಮನಿಗೂ ಗೊತ್ತಿಲ್ಲದ್ದು! ಅದನ್ನು ಹಿಡಿದ ನನಗೆ ಗದೆ ಹಿಡಿದ ಭೀಮನ ಗತ್ತು.

"ರೀ, ಕೆಟ್ಟಿರೋದನ್ನ ಮಾತ್ರ ಬಿಚ್ಚಿ," ಎಂದಳು ಹೆಂಡತಿ.

"ಕೆಡೋಕೆ ಮುಂಚೆ ನೋಡ್ಕೊಳ್ಳೋದೇ ಜಾಣತನ ಕಣೇ!"

"ಚೆನ್ನಾಗಿರೋದನ್ನ ಕೆಡಿಸೋದು ಯಾವ ತನ?"

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತಿಗೆ ಕಿವಿಗೊಡುವುದುಂಟೇ? ಟಾರ್ಚು ಬಿಚ್ಚಿದೆ, ಟಿವಿ ರಿಮೋಟು ಬಿಚ್ಚಿದೆ, ಅಲಾರಂ ಗಡಿಯಾರ ಬಿಚ್ಚಿದೆ. ಎಲ್ಲದರ ಸ್ಕ್ರೂಗಳನ್ನೂ ಒಂದೇ ತಟ್ಟೆಗೆ ಸುರಿದೆ. ಸ್ಕ್ರೂಗಳಲ್ಲಿ ಜಾತಿಭೇದವೇಕೆ! ಆಮೇಲೆ ನನ್ನ ಕಣ್ಣು ಕರೆಗಂಟೆಯ ಮೇಲೆ ಬಿತ್ತು.

ಈ ಗಂಟೆಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮಾವ ತಮ್ಮ ಕೈಯಾರೆ ಕೂರಿಸಿದ್ದು ಅದು. ಹೊರಗೆ ಗುಂಡಿ, ಒಳಗೋಡೆಯಲ್ಲಿ ಡಬ್ಬಿ. ನಮಗೆ ಬೇಕಾದ ಮಾತನ್ನು ಅದರಲ್ಲಿ ತುಂಬಿಸಬಹುದು. ಒತ್ತಿದರೆ ಟಿಂಗ್ ಟಾಂಗ್ ಎನ್ನುವುದಿಲ್ಲ, ಮಾವನ ದನಿಯಲ್ಲಿ "ಯಾರದು? ಬಂದೆ, ಬಂದೆ! ಕನ್ನಡಕ ಹುಡುಕ್ತಿದೀನಿ, ತಡಿ!" ಎನ್ನುತ್ತದೆ. ಮಾವ ತೀರಿಕೊಂಡ ಮೇಲೆ ಆ ದನಿ ಉಳಿದಿರುವುದು ಆ ಡಬ್ಬಿಯಲ್ಲಿ ಮಾತ್ರ. ಅತ್ತೆ ಸಂಜೆ ತಿರುಗಾಡಿ ಬಂದರೆ, ಬಾಗಿಲು ಹಾರುಹೊಡೆದಿದ್ದರೂ ಗಂಟೆ ಒತ್ತಿ, ಮಾತು ಮುಗಿಯುವ ತನಕ ನಿಂತು, "ಸಿಕ್ತಾ ಕನ್ನಡಕ?" ಎಂದು ಕೇಳಿಯೇ ಒಳಗೆ ಕಾಲಿಡುವುದು.

ಈಚೆಗೆ ಆ ದನಿ ಕೊಂಚ ಗೊಗ್ಗರಾಗಿತ್ತು.

"ಅದನ್ನ ಮಾತ್ರ ಮುಟ್ಬೇಡಿ," ಹೆಂಡತಿ ಅಡ್ಡ ನಿಂತಳು. "ಅಪ್ಪನ ದನಿ ಹೋದ್ರೆ ಅಮ್ಮನಿಗೆ ಏನು ಹೇಳ್ತೀರಿ?"

"ಬರೀ ಧೂಳು ಊದ್ತೀನಿ ಕಣೇ!"

ಅತ್ತೆ ಆಗಲೇ ತಿರುಗಾಡಲು ಹೋಗಿದ್ದರು. ಬಿಚ್ಚಿದೆ, ಊದಿದೆ, ತಟ್ಟೆಯಿಂದ ಕೈಗೆ ಸಿಕ್ಕ ಸ್ಕ್ರೂ ಹಾಕಿ ಮುಚ್ಚಿದೆ. ಒತ್ತಿ ನೋಡಿದರೆ ಮಾವ ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ! ನಾನು ಮೀಸೆ ತಿರುವಿದೆ.

ಮೀಸೆಯಿಂದ ಕೈ ಇಳಿಸಿರಲಿಲ್ಲ, "ಯಾರದು?" ಎಂದಿತು ಗಂಟೆ.

ಬಾಗಿಲು ತೆರೆದೆ. ಯಾರೂ ಇಲ್ಲ. ಕೆಳಗಿನ ತನಕ ಮೆಟ್ಟಿಲು ಖಾಲಿ. ಮುಚ್ಚಿ ಒಂದು ಹೆಜ್ಜೆ ಇಟ್ಟೆ.

"ಬಂದೆ, ಬಂದೆ!"

ದಿನಾ ಕೇಳುವ ಮಾತೇ. ಆದರೆ ಯಾರೂ ಕರೆಯದೆ, ಸತ್ತವರೊಬ್ಬರು "ಬಂದೆ, ಬಂದೆ" ಎಂದರೆ ಹೇಗಿರುತ್ತದೆ, ನೀವೇ ಹೇಳಿ!

"ರೀ... ಅಪ್ಪ ಯಾರಿಗೆ ಹೇಳ್ತಿದಾರೆ?" ಹೆಂಡತಿ ನನ್ನ ತೋಳು ಹಿಡಿದಳು.

"ಗಾಳಿ ಇರ್ಬೇಕು ಕಣೇ."

"ಎಲ್ಲಿದೆ ಗಾಳಿ? ಪರದೆ ಅಲ್ಲಾಡ್ತಿಲ್ಲ."

ನಾನು ನಿಂತರೆ ಅದೂ ಸುಮ್ಮನೆ. ಹೆಜ್ಜೆ ಎತ್ತಿಟ್ಟರೆ "ಯಾರದು?" ಮತ್ತೊಂದು ಹೆಜ್ಜೆಗೆ "ತಡಿ!" ಇಬ್ಬರೂ ಒಂಟಿ ಕಾಲಲ್ಲಿ ಕೊಕ್ಕರೆಗಳ ಹಾಗೆ ನಿಂತೆವು. ಹೊತ್ತು ಇಳಿಯುತ್ತಿತ್ತು, ಗೋಡೆಯ ಮೇಲಿನ ನಮ್ಮ ನೆರಳು ಉದ್ದವಾಗುತ್ತಿತ್ತು. ಪ್ರತಿ ಕೂಗಿಗೂ ಮಾವನ ದನಿ ಒಡೆಯುತ್ತ, ಬಾವಿಯ ಆಳದಿಂದ ಬಂದಂತೆ ಕೇಳುತ್ತಿತ್ತು. "ಬಂ... ದೆ..."

"ಕೂಗಿ ಕೂಗಿ ದನಿ ಪೂರ್ತಿ ಹೋಗ್ಬಿಡುತ್ತೆ ರೀ! ಅಮ್ಮ ಬರೋ ಹೊತ್ತಾಯ್ತು. ಏನಾದ್ರೂ ಮಾಡಿ!"

ತೆವಳಿಕೊಂಡು ಹೋಗಿ ಡಬ್ಬಿ ಇಳಿಸಿ, ಮತ್ತೆ ಬಿಚ್ಚಿದೆ. ಮೊನೆ ಜಾರಿ ಒಳಗಿದ್ದ ಒಂದು ಪುಟ್ಟ ಗುಂಡಿಗೆ ತಾಗಿತು. ಟಿಕ್.

ಆಮೇಲೆ, ನನ್ನ ತೊಡೆಯ ಮೇಲಿಂದ, ಮೆಲ್ಲಗೆ:

"ಬಿಚ್ಚಿದ್ರಾ ಅಳಿಯಂದ್ರೇ?"

ಕೈಯಲ್ಲಿದ್ದ ಗದೆ ಬಿದ್ದುಹೋಯಿತು.

"ನನಗೆ ಗೊತ್ತಿತ್ತು. ನಾನಿರೋ ತನಕ ಹೇಗೋ ಕೈ ಕಟ್ಕೊಂಡಿದ್ರಿ. ನೋಡಿ, ಇಲ್ಲಿಗೆ ಗಿಡ್ಡ ಸ್ಕ್ರೂ. ಉದ್ದದ್ದು ಹಾಕಿದ್ರೆ ಒಳಗೆ ಒತ್ಕೊಂಡು, ನೆಲ ಅದುರಿದ್ರೂ ಕೂಗುತ್ತೆ. ಮುಚ್ಚಿ ಮೊದಲು, ಪೆದ್ದಪ್ಪ!"

ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು. ನನ್ನ ಪ್ರಾಣ ಅರ್ಧ ಹೋಯಿತು. ತಿರುಗಿದರೆ, ಒತ್ತಿದ ಗಂಟೆ ಕೂಗದೆ ಬಾಗಿಲು ತಳ್ಳಿಕೊಂಡು ಬಂದು ಹೊಸ್ತಿಲಲ್ಲಿ ನಿಂತ ಅತ್ತೆ!

"ಒಳಗಡೆ ಗುಂಡಿಗೂ ಏನೋ ಮಾತು ತುಂಬಿಸಿದೀನಿ ಅಂದಿದ್ರು," ಎಂದರು ಅತ್ತೆ, ಸೆರಗು ಕಣ್ಣಿಗೊತ್ತಿಕೊಂಡು. "ಏನು ಅಂತ ಕೇಳಿದ್ರೆ, 'ಅದು ನಿನಗಲ್ಲ ಬಿಡೇ' ಅಂತ ನಕ್ಕಿದ್ರು."

ನಾನು ತಟ್ಟೆ ತಡಕಾಡಿ ಗಿಡ್ಡ ಸ್ಕ್ರೂ ಹುಡುಕಿ ಹಾಕಿದೆ. ಗಂಟೆ ತೆಪ್ಪಗಾಯಿತು. ಅತ್ತೆಯ ಕಾಲಿಗೆ ಬೀಳುವುದೊಂದೇ ಬಾಕಿ. "ತಪ್ಪಾಯ್ತು ಅತ್ತೆ! ಇನ್ನು ಜನ್ಮದಲ್ಲಿ ಇದನ್ನ ಮುಟ್ಟಲ್ಲ, ಆಣೆ!"

"ಮುಟ್ಟದೇ ಇದ್ರೆ ಹೇಗೆ?" ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಬಿಚ್ಚಿ ಅಳಿಯಂದ್ರೇ. ಇನ್ನೊಂದ್ಸಲ ಕೇಳೋಣ."

ಅಂದಿನಿಂದ ದಿನಾ ಸಂಜೆ ಇದೇ ನನ್ನ ಉದ್ಯೋಗ. ಬಿಚ್ಚುತ್ತೇನೆ, ಪರಲೋಕದಿಂದ ಬೈಸಿಕೊಳ್ಳುತ್ತೇನೆ, ಮುಚ್ಚುತ್ತೇನೆ. ನಿನ್ನೆ ಮಾವ "ಗಿಡ್ಡ ಸ್ಕ್ರೂ" ಎನ್ನುತ್ತಿದ್ದಂತೆ ಮೆಲ್ಲಗೆ ಮುಚ್ಚಳ ಹಾಕಹೋದೆ. ಅತ್ತೆ ಗದರಿದರು:

"ಏನವಸರ? 'ಪೆದ್ದಪ್ಪ' ಇನ್ನೂ ಬಂದಿಲ್ಲ!"